ಉಳಿಸುವ ಯೂನಿಟ್‌ಗೂ ಎಂಜಿನಿಯರ್ ಬೇಕು

ಬಜಪೆಯ ನಮ್ಮ ಮನೆಯಲ್ಲಿ ಮೂರು ಹಳೆಯ ಫ್ಯಾನ್‌ಗಳಿವೆ. ಒಂದೊಂದೂ 75 ವಾಟ್ ಎಳೆಯುತ್ತದೆ. ಕರಾವಳಿಯ ಸೆಕೆಗೆ ದಿನಕ್ಕೆ ಹತ್ತು ಗಂಟೆಯಾದರೂ ತಿರುಗಲೇಬೇಕು. ಈಗಿನ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30 ವಾಟ್ ಸಾಕು. ಮೂರನ್ನೂ ಬದಲಿಸಿದರೆ ತಿಂಗಳಿಗೆ ಸುಮಾರು 40 ಯೂನಿಟ್ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದೆ. ಅಪ್ಪ ನಕ್ಕರು. ‘ಗೃಹಜ್ಯೋತಿಯಲ್ಲಿ ನಮಗೆ ಬಿಲ್ಲೇ ಬರುದಿಲ್ಲ. ಮತ್ತೆ ಉಳಿಸಿ ಎಂತ ಮಾಡುದು ಮಗಾ?’

ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಬಿಇ ಮುಗಿಸಿ ಮುಂದೇನು ಎಂಬ ಗೊಂದಲಕ್ಕೆ ದಾರಿ ತೋರಿಸಿದ್ದು ಆ ಪ್ರಶ್ನೆಯೇ. ಫ್ಯಾನ್ ಎಷ್ಟು ವಿದ್ಯುತ್ ಎಳೆಯುತ್ತದೆ ಎನ್ನುವುದು ಎಂಜಿನಿಯರಿಂಗ್. ಜನ ಅದನ್ನು ಬದಲಿಸುತ್ತಾರೋ ಇಲ್ಲವೋ ಎನ್ನುವುದು ದರ, ಸಬ್ಸಿಡಿ, ನಿಯಮಗಳ ವಿಷಯ. ಅಂದರೆ ನೀತಿಯ ವಿಷಯ. ಇವೆರಡನ್ನೂ ಬಲ್ಲವರು ಕಡಿಮೆ.

ಎರಡನ್ನೂ ಬಲ್ಲವರೊಬ್ಬರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ. 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕಡಿಮೆ ಸೌದೆ ಸಾಕಾಗುವ ‘ಅಸ್ತ್ರ ಒಲೆ’ ಬಂದದ್ದು ಅಲ್ಲಿಂದ. 1987ರಲ್ಲಿ ರಾಜ್ಯದ ಸಮಿತಿಯೊಂದು 2000ನೇ ಇಸವಿಗೆ ಎಷ್ಟು ವಿದ್ಯುತ್ ಬೇಕೆಂದು ದೊಡ್ಡ ಯೋಜನೆ ಸಿದ್ಧಪಡಿಸಿತು. ಬಲ್ಬು, ಪಂಪ್‌ಸೆಟ್, ನೀರು ಕಾಯಿಸುವ ಹೀಟರ್‌ಗಳನ್ನು ಸುಧಾರಿಸಿದರೆ ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲೇ ಕೆಲಸ ನಡೆಯುತ್ತದೆ ಎಂದು ರೆಡ್ಡಿ ಮತ್ತು ಸಂಗಡಿಗರು ಲೆಕ್ಕ ಮುಂದಿಟ್ಟರು. ಎಷ್ಟು ಯೂನಿಟ್ ಬೇಕು ಎಂಬುದಕ್ಕಿಂತ ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಕೇಳಿ ಎನ್ನುವುದು ಅವರ ವಾದ.

ಇಂದು ಈ ಮಾತಿಗೆ ಕಾನೂನಿನ ಬೆಂಬಲವಿದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ 2002ರಲ್ಲಿ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, ಆರಂಭವಾಯಿತು. ಫ್ರಿಜ್, ಎಸಿಗಳ ಮೇಲೆ ನಾವು ನೋಡುವ ನಕ್ಷತ್ರಗಳು ಬಿಇಇಯವು. ಹೆಚ್ಚು ಇಂಧನ ಬಳಸುವ ದೊಡ್ಡ ಕಾರ್ಖಾನೆಗಳು ಪ್ರಮಾಣಪತ್ರ ಪಡೆದ ಎನರ್ಜಿ ಮ್ಯಾನೇಜರ್‌ರನ್ನು ನೇಮಿಸಬೇಕು, ಎನರ್ಜಿ ಆಡಿಟ್ ಮಾಡಿಸಬೇಕು. ಸಿಮೆಂಟ್, ಉಕ್ಕು, ರಸಗೊಬ್ಬರದ ಕಾರ್ಖಾನೆಗಳ ಜೊತೆಗೆ ನಮ್ಮೂರಿನ ಪಕ್ಕದ ಎಂಆರ್‌ಪಿಎಲ್‌ನಂತಹ ತೈಲ ಶುದ್ಧೀಕರಣ ಘಟಕಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ಈ ಕೆಲಸಕ್ಕೆ ಬಿಇಇ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುತ್ತದೆ. ಮ್ಯಾನೇಜರ್‌ಗೆ ಮೂರು ಪತ್ರಿಕೆ, ಆಡಿಟರ್‌ಗೆ ನಾಲ್ಕು. ಆಡಿಟರ್ ಆಗಲು ಬಿಇ ನಂತರ ಮೂರು ವರ್ಷಗಳ ಅನುಭವ ಬೇಕು. ಬಾಯ್ಲರ್, ಮೋಟರ್, ಪಂಪ್, ಕಂಪ್ರೆಸರ್ ಎಂದು ನಾವು ಸೆಮಿಸ್ಟರ್ ಪರೀಕ್ಷೆಗೆ ಉರು ಹೊಡೆಯುವ ಪಾಠಗಳೇ ಇಲ್ಲಿಯೂ ಬರುತ್ತವೆ.

ನೀತಿಯ ಕಡೆ ಒಲವಿದ್ದರೆ ಬೆಂಗಳೂರಿನಲ್ಲೇ ಸಿಸ್ಟೆಪ್, ಟೆರಿಯಂತಹ ಅಧ್ಯಯನ ಸಂಸ್ಥೆಗಳಿವೆ. ರಾಜ್ಯದಲ್ಲಿ ಕಾಯ್ದೆ ಜಾರಿಯ ಹೊಣೆ ಕ್ರೆಡಲ್‌ನದ್ದು. ಒಳ್ಳೆಯ ನೀತಿ ಏನು ಮಾಡಬಲ್ಲದು ಎಂಬುದಕ್ಕೆ ಎಲ್‌ಇಡಿ ಬಲ್ಬೇ ಸಾಕ್ಷಿ. ಕೇಂದ್ರದ ಸಂಸ್ಥೆ ಒಟ್ಟಾಗಿ ಖರೀದಿಸಲು ಶುರು ಮಾಡಿದ ಮೇಲೆ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ‘ಹೊಸ ಬೆಳಕು’ ಹೆಸರಿನಲ್ಲಿ ಅದು ನಮ್ಮ ಮನೆಗಳಿಗೂ ಬಂತು.

ಒಂದು ಮಾತು ನಿಜ. ಇಂತಹ ಕೆಲಸ ಕೊಡುವವರು ಕ್ಯಾಂಪಸ್‌ಗೆ ಬರುವುದು ಅಪರೂಪ. ನಾವೇ ಹುಡುಕಿಕೊಂಡು ಹೋಗಬೇಕು. ಹಾಗಾಗಿ ಕಾಲೇಜಿನಿಂದಲೇ ಶುರು ಮಾಡಬಹುದು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಹಾಸ್ಟೆಲ್ ಅಥವಾ ಲ್ಯಾಬ್‌ನ ಒಂದು ವರ್ಷದ ವಿದ್ಯುತ್ ಬಿಲ್ ಹಿಡಿದು ಆಡಿಟ್ ಮಾಡಿ. ಎಲ್ಲಿ ಎಷ್ಟು ಪೋಲಾಗುತ್ತಿದೆ, ಸರಿಪಡಿಸಲು ಹಾಕಿದ ಹಣ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಎಂದು ಬರೆಯಿರಿ. ಸಂದರ್ಶನದಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಅಪ್ಪನಿಗೆ ಉತ್ತರವನ್ನೂ ಕೊಟ್ಟೆ. ಬಿಲ್ ಸೊನ್ನೆಯಾದರೂ ಆ ಹಣವನ್ನು ಸರ್ಕಾರ ನಮ್ಮ ತೆರಿಗೆಯಿಂದಲೇ ಕಟ್ಟುತ್ತದೆ. ಪಡುಬಿದ್ರಿ ಹತ್ತಿರದ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುವುದೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಅಪ್ಪ ಏನೂ ಹೇಳಲಿಲ್ಲ. ಕಳೆದ ತಿಂಗಳು ಹಾಲ್‌ನ ಫ್ಯಾನ್ ಕೆಟ್ಟಾಗ ಮಾತ್ರ, ‘ನೀನು ಹೇಳಿದ ಆ 30 ವಾಟಿನದ್ದೇ ತಾ’ ಎಂದರು.

ಇನ್ನು ಎರಡು ಬಾಕಿ ಇವೆ.