ಕರೆಂಟು ಕೂಡಿಡುವ ಬ್ಯಾಟರಿ

ಲೋಡ್ ಶೆಡ್ಡಿಂಗ್ ಅಂದರೆ ನಮಗೆಲ್ಲ ಗೊತ್ತು. ದಕ್ಷಿಣ ಆಫ್ರಿಕಾ ದೇಶದಲ್ಲೂ ಅದಕ್ಕೆ ಇದೇ ಹೆಸರು. 2023ರಲ್ಲಿ ಅಲ್ಲಿ ಅದು ವಿಪರೀತವಾಯಿತು. ಒಂದು ಸಲ ಹೋದರೆ ಎರಡು ಗಂಟೆ, ಕೆಲವು ಸಲ ನಾಲ್ಕು ಗಂಟೆ. ಅಲ್ಲಿ ಬಹಳ ಮನೆಗಳಲ್ಲಿ ಅಡಿಗೆಯೂ ಕರೆಂಟಿನ ಒಲೆಯಲ್ಲೇ. ದೀಪ ಹೋದರೆ ಒಲೆಯೂ ಆರಿತು!

ಏಕೆ ಹೀಗೆ? ಅಲ್ಲಿ ಹೆಚ್ಚಿನ ಕರೆಂಟು ಕಲ್ಲಿದ್ದಲು ಸುಟ್ಟು ಬರುವಂಥದ್ದು. ಹಳೆಯ ಯಂತ್ರಗಳು ಪದೇ ಪದೇ ಕೆಡುತ್ತಿದ್ದವು. ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದಾಗ ಕರೆಂಟು ಸಾಲುತ್ತಿರಲಿಲ್ಲ.

ನಲ್ಲಿ ಬಂದಾಗ ತೊಟ್ಟಿ ತುಂಬಿಸಿಕೊಳ್ಳುತ್ತೀರಲ್ಲ, ಅಕ್ಕಾ? ಹಾಗೆಯೇ ಕರೆಂಟನ್ನೂ ತುಂಬಿಸಿಡಬಹುದು. 2023ರ ನವೆಂಬರಿನಲ್ಲಿ ವುಸ್ಟರ್ ಊರಿನ ಹತ್ತಿರ ಹೆಕ್ಸ್ ಎಂಬಲ್ಲಿ ಅಂಥ ದೊಡ್ಡ ಬ್ಯಾಟರಿ ಶುರುವಾಯಿತು. ಕಟ್ಟಿಸಿದ್ದು ಅಲ್ಲಿನ ಸರ್ಕಾರಿ ಕಂಪನಿ ಎಸ್ಕಾಮ್. (ಹೆಸರು ನಮ್ಮ ಬೆಸ್ಕಾಂ ಥರವೇ ಇದೆ, ನೋಡಿ!) ಮೊಬೈಲಿನಲ್ಲಿರುವ ಜಾತಿಯ ಬ್ಯಾಟರಿಗಳೇ, ಸಾಲು ಸಾಲಾಗಿ ದೊಡ್ಡ ಪೆಟ್ಟಿಗೆಗಳಲ್ಲಿ. ಜನ ಕಡಿಮೆ ಬಳಸುವ ಹೊತ್ತಿನಲ್ಲಿ ತುಂಬಿಸುತ್ತಾರೆ. ಹೆಚ್ಚು ಬೇಕಾದಾಗ ಬಿಡುತ್ತಾರೆ. ಪೂರ್ತಿ ತುಂಬಿದರೆ 1 ಲಕ್ಷ ಯೂನಿಟ್. ಒಂದು ಸಣ್ಣ ಪಟ್ಟಣಕ್ಕೆ ಐದು ಗಂಟೆ ಬರುತ್ತದೆ.

ಆದರೆ ತೊಟ್ಟಿ ನೀರನ್ನು ಹುಟ್ಟಿಸುತ್ತದೆಯೇ? ಇಲ್ಲ. ಬ್ಯಾಟರಿಯೂ ಕರೆಂಟನ್ನು ಹುಟ್ಟಿಸುವುದಿಲ್ಲ. ತುಂಬಿಸಿ ತೆಗೆಯುವಾಗ ಸ್ವಲ್ಪ ಸೋರಿಯೂ ಹೋಗುತ್ತದೆ. 2024ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಲೋಡ್ ಶೆಡ್ಡಿಂಗ್ ನಿಂತಿತ್ತು. ಅದಕ್ಕೆ ಮುಖ್ಯ ಕಾರಣ ಹಳೆಯ ಯಂತ್ರಗಳ ರಿಪೇರಿ.