ಪುಕ್ಕಟೆ ಡೌನ್‌ಲೋಡ್, ನಕಲಿ ನೋಟಿಸ್ ಮತ್ತು ನಮ್ಮ ಮಕ್ಕಳ ಮೌನ

ಕಳೆದ ತಿಂಗಳು ಒಂದು ಗುರುವಾರ ಇಶಾ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೂ ಕೊನೆಯ ಸಫ್ಫಿನಲ್ಲಿ ಒಬ್ಬ ಹುಡುಗ ಕುಳಿತೇ ಇದ್ದ. ನಾವು ಫ್ಯಾನು ಆರಿಸಲು ಹೋದಾಗ ಎದ್ದು ಬಂದ. "ಉಸ್ತಾದ್, ಪೊಲೀಸರು ಮನೆಗೇ ಬರುತ್ತಾರಾ?" ಎಂದು ಕೇಳಿದ. ಬೇರೆ ಊರಿನ ಕಾಲೇಜಿನಲ್ಲಿ ಓದುವ, ರಜೆಗೆಂದು ಬಂದ ಹುಡುಗ. ಹಾಸ್ಟೆಲ್‌ನಲ್ಲಿ ಕುಳಿತು ಹೊಸ ಸಿನಿಮಾವೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಹೋಗಿದ್ದಾನೆ. ಎರಡು ಮೂರು ಪುಟಗಳು ತೆರೆದು ಮುಚ್ಚಿದ ಮೇಲೆ ತೆರೆ ತುಂಬ ಒಂದು ನೋಟಿಸ್. ಮೇಲೆ ಸರಕಾರಿ ಲಾಂಛನ, ಕೆಳಗೆ ಕಾನೂನಿನ ಸೆಕ್ಷನ್‌ಗಳು, ಅದರ ಕೆಳಗೆ ಒಂದು ಕ್ಯೂಆರ್ ಕೋಡ್. ಹೆಸರು, ಫೋನ್ ನಂಬರ್ ತುಂಬಿಸಿ 3,000 ರೂಪಾಯಿ ದಂಡ ಕಟ್ಟಬೇಕು, ಇಲ್ಲದಿದ್ದರೆ ಬಂಧನ.

ಹುಡುಗ ಕಟ್ಟಿದ. ಮರುದಿನ 'ಅಧಿಕಾರಿ'ಯಿಂದ ವಾಟ್ಸ್ಆ್ಯಪ್ ಕರೆ ಬಂತು. ಕೇಸು ಮುಚ್ಚಲು ಇನ್ನೂ 12,000. ಹಾಸ್ಟೆಲ್ ಶುಲ್ಕಕ್ಕೆಂದು ತಂದೆ ಕಳುಹಿಸಿದ್ದ ಹಣದಿಂದ ಅದನ್ನೂ ಕೊಟ್ಟ. ಈಗ ಮೂರನೆಯ ಕರೆ ಬಂದಿದೆ. ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದೆವು. ಇಲ್ಲ ಎಂದು ತಲೆಯಾಡಿಸಿದ.

ಮರುದಿನದ ಜುಮಾದಲ್ಲಿ ಹೆಸರು, ಊರು ಹೇಳದೆ ಈ ವಿಷಯವನ್ನೇ ಎತ್ತಿಕೊಂಡೆವು. ಖುತ್ಬಾದಲ್ಲಿ ಸಮಯ ಸಾಲಲಿಲ್ಲ. ಅನೇಕರು ಆಮೇಲೆ ಬಂದು ಕೇಳಿದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಒಂದು ಮಾತು ಹೇಳಬೇಕು. ಸುಮಾರು 2003ರಲ್ಲಿ ನಾವು ಬಿ.ಎ. ಓದುತ್ತಿದ್ದಾಗ ನಾಲ್ವರು ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಕಂಪ್ಯೂಟರ್ ಇದ್ದದ್ದು ಒಬ್ಬನದು ಮಾತ್ರ. ಫೋನ್ ತಂತಿಯ ಇಂಟರ್‌ನೆಟ್. ಒಂದು ಹಾಡು ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ನಾವು ಇಳಿಸಿಕೊಳ್ಳುತ್ತಿದ್ದುದು ಕಿರಾಅತ್, ನಾತ್, ಒಂದು ಅರಬಿ ನಿಘಂಟು. ಒಂದೆರಡು ಸಿನಿಮಾ ಹಾಡುಗಳೂ ಇದ್ದವು, ಮುಚ್ಚಿಡುವುದೇಕೆ? ನಿಘಂಟು ದುಡ್ಡಿಗೆ ಸಿಗುವ ಸಾಫ್ಟ್‌ವೇರ್. ಅದರ ಬೀಗ ಒಡೆಯುವ ಚಿಕ್ಕ ಪ್ರೋಗ್ರಾಮ್ ಒಂದು ಜಾಲತಾಣದಲ್ಲಿ ಪುಕ್ಕಟೆ ಸಿಕ್ಕಿತು. ದೀನೀ ಕೆಲಸಕ್ಕೆ ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಒತ್ತಿದೆವು. ನಿಘಂಟು ತೆರೆಯಲೇ ಇಲ್ಲ. ಬದಲಿಗೆ ಅರ್ಧ ಗಂಟೆಗೊಮ್ಮೆ 'ನಿಮ್ಮ ಕಂಪ್ಯೂಟರ್‌ನಲ್ಲಿ ದೋಷವಿದೆ, ಇಲ್ಲಿ ಒತ್ತಿ ಸರಿಪಡಿಸಿ' ಎಂಬ ಪೆಟ್ಟಿಗೆ ಏಳತೊಡಗಿತು. ಹೆದರಿ ಅದನ್ನೂ ಒತ್ತಿದೆವು. ಎರಡು ದಿನದಲ್ಲಿ ಕಂಪ್ಯೂಟರ್ ಏಳುವುದನ್ನೇ ನಿಲ್ಲಿಸಿತು. ಅದರಲ್ಲಿ ಗೆಳೆಯನ ಅಂತಿಮ ವರ್ಷದ ಪ್ರಬಂಧವಿತ್ತು. ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ. ಯಾರದೋ ಫ್ಲಾಪಿಯಿಂದ ವೈರಸ್ ಬಂದಿರಬೇಕೆಂದು ಗೆಳೆಯ ಅಂದುಕೊಂಡ. ನಾವು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಈಗ ವೈರಸ್ ಎಂದರೇನು ಎಂಬುದಕ್ಕೆ ಬರೋಣ. ಅದು ಗಾಳಿಯಲ್ಲಿ ಹರಡುವ ಕಾಯಿಲೆಯಲ್ಲ. ಅದೊಂದು ಪ್ರೋಗ್ರಾಮ್. ಬಹುತೇಕ ಸಂದರ್ಭಗಳಲ್ಲಿ ಯಾರಾದರೂ ತಮ್ಮ ಕೈಯಿಂದ ಅದನ್ನು ತೆರೆಯಬೇಕು. ಹಾಗಾಗಿ ಅದನ್ನು ಕಳುಹಿಸುವವನ ಕೆಲಸವೆಲ್ಲ ನಾವು ತೆರೆಯುವಂತೆ ಮಾಡುವುದು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ವೈರಸ್ ಪ್ರೇಮಪತ್ರದ ವೇಷದಲ್ಲಿ ಇಮೇಲ್‌ಗೆ ಅಂಟಿಕೊಂಡು ಬಂದಿತ್ತು. ಕಡತದ ಹೆಸರಿನ ನಡುವೆ ಪತ್ರ ಎಂದು ತೋರಿಸುವ 'ಟಿಎಕ್ಸ್‌ಟಿ' ಇತ್ತು, ಕೊನೆಯಲ್ಲಿ ಪ್ರೋಗ್ರಾಮ್ ಎಂದು ಹೇಳುವ 'ವಿಬಿಎಸ್' ಇತ್ತು. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ತುಂಡನ್ನು ಅಡಗಿಸಿಡುತ್ತದೆ. ಆದ್ದರಿಂದ ಜನರಿಗೆ ಕಂಡದ್ದು ಪತ್ರ ಮಾತ್ರ. ತೆರೆದವರ ಫೋಟೋಗಳು ಅಳಿಸಿಹೋದವು, ಅವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಪತ್ರ ತಾನಾಗಿ ಹೋಯಿತು. ಅದನ್ನು ಬರೆದವನು ಕಾಲೇಜು ವಿದ್ಯಾರ್ಥಿಯಾಗಿದ್ದವನು. ಆಗ ಆ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲದ್ದರಿಂದ ಶಿಕ್ಷೆಯಾಗಲಿಲ್ಲ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಇಪ್ಪತ್ತೈದು ವರ್ಷಗಳಾದರೂ ಆ ಉಪಾಯ ಬದಲಾಗಿಲ್ಲ. ಸಿನಿಮಾ ಎಂದರೆ ಅದು ವಿಡಿಯೋ ಕಡತ, ಹೆಸರು 'ಎಂಪಿ4' ಅಥವಾ 'ಎಂಕೆವಿ' ಎಂದು ಮುಗಿಯುತ್ತದೆ. ಸಿನಿಮಾದ ಹೆಸರಿಟ್ಟುಕೊಂಡು 'ಇಎಕ್ಸ್‌ಇ' ಎಂದೋ 'ಎಪಿಕೆ' ಎಂದೋ ಮುಗಿದರೆ ಅದು ಸಿನಿಮಾ ಅಲ್ಲ. ಕೆಲವೊಮ್ಮೆ ಜಿಪ್ ಕಡತ ಬರುತ್ತದೆ, ಅದಕ್ಕೊಂದು ಪಾಸ್‌ವರ್ಡ್, ಆ ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತದೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗಿಸುವುದೇಕೆ ಎಂದು ನಾವೂ ಮೊದಲು ಆಶ್ಚರ್ಯಪಟ್ಟಿದ್ದೆವು. ಆಂಟಿವೈರಸ್ ಒಳಗೆ ಇಣುಕಬಾರದೆಂದೇ ಆ ಬೀಗ.

ಕದ್ದ ಸಿನಿಮಾ ಹಂಚುವ ಜಾಲತಾಣಗಳಲ್ಲೇ ಇದು ಹೆಚ್ಚು ಏಕೆ? ಪುಕ್ಕಟೆ ಕೊಡುವವನಿಗೂ ಖರ್ಚಿದೆ. ಮರ್ಯಾದಸ್ಥ ಅಂಗಡಿಯವರು ಅಲ್ಲಿ ಜಾಹೀರಾತು ಕೊಡುವುದಿಲ್ಲ. ಆದ್ದರಿಂದ ಆ ಪುಟದ ಜಾಗವೆಲ್ಲ ಜೂಜಿನವರಿಗೆ, ಮೋಸಗಾರರಿಗೆ ಮಾರಾಟವಾಗುತ್ತದೆ. ಒಂದೇ ಪುಟದಲ್ಲಿ ಐದು 'ಡೌನ್‌ಲೋಡ್' ಗುಂಡಿಗಳಿದ್ದರೆ ನಾಲ್ಕು ಇಂತಹವರದ್ದೇ ಆಗಿರಬಹುದು.

ಅಲ್ಲಿ ಇನ್ನೊಂದು ಬಲೆ ಇದೆ, ಇದು ಮನೆಯ ತಾಯಂದಿರ ಫೋನಿಗೂ ಬೀಳುತ್ತದೆ. 'ನೀವು ರೋಬೋಟ್ ಅಲ್ಲವೆಂದು ತೋರಿಸಲು ಅನುಮತಿಸಿ ಎಂಬುದನ್ನು ಒತ್ತಿ' ಎಂದು ಕೇಳುತ್ತಾರೆ. ಒತ್ತಿದರೆ ನಮ್ಮ ಫೋನಿಗೆ ಯಾವಾಗ ಬೇಕಾದರೂ ಸೂಚನೆ ಕಳುಹಿಸುವ ಅಧಿಕಾರ ಆ ಜಾಲತಾಣಕ್ಕೆ ಸಿಗುತ್ತದೆ. ಆಮೇಲೆ ದಿನವಿಡೀ 'ನಿಮ್ಮ ಫೋನಿನಲ್ಲಿ 13 ವೈರಸ್‌ಗಳಿವೆ' ಎಂಬ ಸಂದೇಶ. ನೋಡಿದವರು ವೈರಸ್ ಬಂತೆಂದು ಗಾಬರಿಯಾಗುತ್ತಾರೆ. ಅನೇಕ ಸಲ ಅಲ್ಲಿ ವೈರಸ್ಸೇ ಇರುವುದಿಲ್ಲ, ಇರುವುದು ನಾವೇ ಕೊಟ್ಟ ಅನುಮತಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋಗಿ ಗುರುತಿಲ್ಲದ ಜಾಲತಾಣಗಳನ್ನು ತೆಗೆದುಹಾಕಿದರೆ ನಿಂತುಹೋಗುತ್ತದೆ. ನಮ್ಮ ಮೊಹಲ್ಲಾದಲ್ಲಿ ಒಬ್ಬ ತಾಯಿ ಇದಕ್ಕಾಗಿ ಹೊಸ ಫೋನನ್ನೇ ಕೊಂಡರು.

ಒಂದು ವಿಷಯ ಗಟ್ಟಿಯಾಗಿ ನೆನಪಿರಲಿ. ಬ್ರೌಸರ್‌ನಲ್ಲಿ ತೆರೆದುಕೊಂಡ ಒಂದು ಪುಟಕ್ಕೆ ನಮ್ಮ ಕಂಪ್ಯೂಟರಿನ ಒಳಗೆ ಹೋಗಿ ವೈರಸ್ ಎಣಿಸಲು ಆಗುವುದಿಲ್ಲ. ಎಣಿಸಿದಂತೆ ಓಡುವ ಆ ಪಟ್ಟಿ ಬರೀ ಚಿತ್ರ. ಬೀಪ್ ಬೀಪ್ ಸದ್ದು, 'ಕಂಪ್ಯೂಟರ್ ಆರಿಸಬೇಡಿ' ಎಂಬ ಹೆಣ್ಣಿನ ಧ್ವನಿ, ಕೆಳಗೊಂದು ಸಹಾಯವಾಣಿ ನಂಬರ್, ಎಲ್ಲವೂ ನಾಟಕ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪೆನಿಯೇ ಹೇಳಿದೆ. ಎಸ್ಕೇಪ್ ಗುಂಡಿಯನ್ನು ಒತ್ತಿ ಹಿಡಿದು, ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಕಂಪ್ಯೂಟರನ್ನೇ ಆರಿಸಿ. ಆ ನಂಬರಿಗೆ ಕರೆ ಮಾಡಿದರೆ ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸಿ ನಮ್ಮ ತೆರೆಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಅಂತಹ ಕಾಲ್ ಸೆಂಟರ್‌ಗಳ ಮೇಲೆ ನಮ್ಮ ದೇಶದಲ್ಲೇ ಸಿಬಿಐ ದಾಳಿ ಮಾಡಿದೆ. ಅಲ್ಲಿ ಕುಳಿತು ಮಾತಾಡುವವರು ನಮ್ಮವರಂತಹ ಮನೆಗಳ ಹುಡುಗರೇ. ಕೆಲಸಕ್ಕೆ ಸೇರುವ ಮುನ್ನ ಏನು ಕೆಲಸವೆಂದು ಕೇಳಿ, ಮಕ್ಕಳೇ.

ಈಗ ಆ ಪೊಲೀಸ್ ನೋಟಿಸ್. ಇದೂ ಹೊಸತಲ್ಲ. 2012ರ ಸುಮಾರಿಗೆ ಅಮೆರಿಕದಲ್ಲಿ 'ರೆವೆಟಾನ್' ಎಂಬ ಪ್ರೋಗ್ರಾಮ್ ಕಂಪ್ಯೂಟರಿನ ತೆರೆಯನ್ನು ಲಾಕ್ ಮಾಡಿ ಎಫ್‌ಬಿಐ ಲಾಂಛನ ತೋರಿಸುತ್ತಿತ್ತು. ನೀನು ಹಾಡು, ಸಿನಿಮಾ ಕದ್ದಿದ್ದೀಯ, 200 ಡಾಲರ್ ದಂಡ ಕಟ್ಟು ಎನ್ನುತ್ತಿತ್ತು. ಇಂಗ್ಲೆಂಡಿನಲ್ಲಿ ಅದೇ ಮಾತು ಲಂಡನ್ ಪೊಲೀಸರ ಹೆಸರಿನಲ್ಲಿ. ನಮ್ಮಲ್ಲಿ 2021ರಲ್ಲಿ ದೆಹಲಿ ಪೊಲೀಸರು ಇಂಥದೇ ಒಂದು ಜಾಲವನ್ನು ಹಿಡಿದಿದ್ದರು. ಅಶ್ಲೀಲ ದೃಶ್ಯ ನೋಡಿದ್ದೀಯೆಂದು ಹೆದರಿಸಿ ತಲಾ 3,000 ರೂಪಾಯಿ ಕೇಳುತ್ತಿದ್ದರು.

ಈ ಮೋಸಗಾರರಿಗೆ ನಾವು ಏನು ಮಾಡಿದ್ದೇವೆಂದು ಗೊತ್ತಿರುವುದಿಲ್ಲ. ಆ ಪುಟಕ್ಕೆ ಬಂದವರಲ್ಲಿ ಬಹಳ ಮಂದಿ ಏನೋ ಒಂದನ್ನು ಕದ್ದುಮುಚ್ಚಿ ಮಾಡಿರುತ್ತಾರೆಂದು ಮಾತ್ರ ಗೊತ್ತು. ಅಷ್ಟು ಸಾಕು. ತಪ್ಪು ಮಾಡದವನು ಆ ನೋಟಿಸ್ ಕಂಡರೆ ಪಕ್ಕದವನನ್ನು ಕರೆದು ತೋರಿಸುತ್ತಾನೆ, ಪಕ್ಕದವನು ನಕ್ಕು ಮುಚ್ಚುತ್ತಾನೆ. ತಪ್ಪು ಮಾಡಿದವನು ಬಾಗಿಲು ಹಾಕಿಕೊಳ್ಳುತ್ತಾನೆ. ಮೋಸಗಾರನಿಗೆ ಬೇಕಾದದ್ದು ಆ ಮುಚ್ಚಿದ ಬಾಗಿಲು. ಇವತ್ತಿನ 'ಡಿಜಿಟಲ್ ಅರೆಸ್ಟ್' ಕೂಡ ಹೀಗೆಯೇ: ವಿಡಿಯೋ ಕರೆಯಲ್ಲಿ ಕೂರಿಸಿ, ಯಾರಿಗೂ ಹೇಳಬೇಡ ಎನ್ನುವುದೇ ಅವರ ಮೊದಲ ಆಜ್ಞೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಈ ಕಿರುಕುಳ ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರು ಕ್ಯೂಆರ್ ಕೋಡ್ ತೋರಿಸಿ ದಂಡ ವಸೂಲಿ ಮಾಡಿ ಕೇಸು ಮುಚ್ಚುವುದಿಲ್ಲ. ಇಂತಹ ಅಪರಾಧಕ್ಕೆ ದಂಡ ವಿಧಿಸುವುದು ನ್ಯಾಯಾಲಯ.

ಹಾಗಾದರೆ ಡೌನ್‌ಲೋಡ್ ಮಾಡಿದ್ದು ತಪ್ಪಲ್ಲವೇ ಎಂದು ಆ ಹುಡುಗನೂ ಕೇಳಿದ. ತಪ್ಪೇ. ಬೇರೆಯವರ ಹಕ್ಕಿನ ಕೃತಿಯನ್ನು ತಿಳಿದೂ ತಿಳಿದೂ ನಕಲು ಮಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಶರೀಅತ್‌ನ ದೃಷ್ಟಿಯಲ್ಲೂ ಇದು ಹಗುರವಲ್ಲ. 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಬರಹಗಾರನ, ಸಂಶೋಧಕನ ಹಕ್ಕು ಶರೀಅತ್ ರಕ್ಷಿಸುವ ಹಕ್ಕು, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ತೀರ್ಮಾನಿಸಿತು. ಖುತ್ಬಾ ಮುಗಿದ ಮೇಲೆ ಹಿರಿಯರೊಬ್ಬರು, "ಸಿನಿಮಾವೇ ಬೇಡ ಎಂದು ಹೇಳಿದ್ದರೆ ಸಾಕಿತ್ತು" ಎಂದರು. ಸಾಕಾಗುತ್ತಿರಲಿಲ್ಲ. ನಾವು ಕದ್ದದ್ದು ನಿಘಂಟು.

ಆದರೆ ಒಂದು ತಪ್ಪಿಗೆ ತೌಬಾ ಇದೆ, ಅದರ ಹೆಸರಿನಲ್ಲಿ ಮೋಸಗಾರನಿಗೆ ಕಪ್ಪ ಕಟ್ಟುವುದು ತೌಬಾ ಅಲ್ಲ. ಹಣ ಹೋಗಿದ್ದರೆ ಕೂಡಲೇ 1930 ನಂಬರಿಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಮೊದಲ ಗಂಟೆಗಳಲ್ಲಿ ಹೇಳಿದರೆ ನಡುವೆ ಎಲ್ಲಾದರೂ ತಡೆಹಿಡಿಯುವ ಅವಕಾಶ ಹೆಚ್ಚು, ತಡವಾದಷ್ಟೂ ಕಡಿಮೆ. ಸ್ಕ್ರೀನ್‌ಶಾಟ್, ಸಂದೇಶ, ನಂಬರ್ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಮಕ್ಕಳು ಮೊದಲು ಮಾಡುವುದೇ ಅಳಿಸುವುದು. ಮದುವೆ ಆಮಂತ್ರಣವೆಂದೋ ಪುಕ್ಕಟೆ ಸಿನಿಮಾ ಆ್ಯಪ್ ಎಂದೋ ಬಂದ ಎಪಿಕೆ ಹಾಕಿಕೊಂಡಿದ್ದರೆ ಅದು ನಮ್ಮ ಎಸ್‌ಎಂಎಸ್ ಓದಿ ಒಟಿಪಿಯನ್ನು ಅವರಿಗೆ ಕಳುಹಿಸುತ್ತಿರಬಹುದು. ಅಂಥ ಫೋನಿನ ಇಂಟರ್‌ನೆಟ್ ಆರಿಸಿ, ಸಿಮ್ ತೆಗೆದು, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಿಂದಲೇ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಗ ಬಂದು ಹೇಳಿದಾಗ ಮೊದಲ ಪ್ರಶ್ನೆ 'ಏನು ನೋಡುತ್ತಿದ್ದೆ?' ಎಂದಾಗಬಾರದು. ಅದನ್ನು ನಾಳೆ ಕೇಳಿ. ಇಂದು 'ಎಷ್ಟು ಹೊತ್ತಾಯಿತು?' ಎಂದು ಕೇಳಿ.

ಆ ರಾತ್ರಿ ಹುಡುಗ ನಮ್ಮ ಕೋಣೆಯಿಂದಲೇ 1930ಕ್ಕೆ ಕರೆ ಮಾಡಿದ. ತಂದೆಗೆ ಹೇಳಲು ಧೈರ್ಯವಿಲ್ಲ, ನೀವೇ ಹೇಳಿ ಎಂದ. ನಾವು ಒಪ್ಪಲಿಲ್ಲ, ಜೊತೆಗೆ ಬರುತ್ತೇವೆ ಎಂದೆವು. ದಾರಿಯಲ್ಲಿ ನಮ್ಮ ನಿಘಂಟಿನ ಕಥೆ ಹೇಳಿದೆವು. "ಆ ಗೆಳೆಯರಿಗೆ ಆಮೇಲೆ ಹೇಳಿದಿರಾ ಉಸ್ತಾದ್?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಗೆಳೆಯ ಈಗ ಗಲ್ಫ್‌ನಲ್ಲಿದ್ದಾನೆ, ಈದ್‌ಗೆ ಸಂದೇಶ ಕಳುಹಿಸುತ್ತಾನೆ. ಶುಕ್ರವಾರ ಅಸರ್ ಬಳಿಕ ಅವನಿಗೆ ಫೋನ್ ಮಾಡಿದೆವು. ಇಪ್ಪತ್ತೆರಡು ವರ್ಷ ಹಳೆಯ ಮಾತು, ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಿತು. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, "ಆ ಪ್ರಬಂಧ ಮತ್ತೆ ಬರೆಯಲು ನನಗೆ ಮೂರು ವಾರ ಬೇಕಾಯಿತು, ಗೊತ್ತಾ?" ಎಂದ.

ಹುಡುಗನ ದೂರು ದಾಖಲಾಗಿದೆ. ಹಣ ಇನ್ನೂ ಬಂದಿಲ್ಲ.