ಕೌದಿಗೆ ಬಟ್ಟೆಪಟ್ಟಿ: ರೋಟರಿ ಕಟ್ಟರಿನ ಬಳಕೆ ಮತ್ತು ಎಚ್ಚರಿಕೆ

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೈಹೊಲಿಗೆಯಿಂದ ಬಂಧಿಸಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಈ ಗೃಹಕಲೆಯು ಉದ್ಯೋಗವನ್ನರಸಿ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಪರಿಚಿತವಾದುದು. ನೆರೆಯ ಮರಾಠಿ ಮನೆಗಳಲ್ಲಿ ಇಂತಹ ಹೊದಿಕೆಗೆ ಗೋಧಡಿ ಎಂಬ ಹೆಸರಿದೆ.

ಸಾಂಪ್ರದಾಯಿಕ ಕೌದಿಯಲ್ಲಿ ತುಂಡುಗಳನ್ನು ತಳದ ಬಟ್ಟೆಯ ಮೇಲಿರಿಸಿ ಹೊಲಿಯುವುದರಿಂದ ಅಳತೆಯ ಸಣ್ಣ ದೋಷಗಳು ಅಲ್ಲಿಯೇ ಅಡಗಿಹೋಗುತ್ತವೆ. ಆದರೆ ಪಟ್ಟಿಗಳ ಅಂಚಿಗೆ ಅಂಚು ಕೂಡಿಸಿ ಯಂತ್ರದಲ್ಲಿ ಹೊಲಿಯುವಾಗ ದೋಷವು ಕೂಡುತ್ತಾ ಹೋಗುತ್ತದೆ. ಪ್ರತಿಯೊಂದು ಪಟ್ಟಿಯೂ ಕೇವಲ 2 ಮಿ.ಮೀ. ಹೆಚ್ಚಾದರೆ, 20 ಪಟ್ಟಿಗಳು ಸೇರಿದಾಗ 4 ಸೆಂ.ಮೀ. ವ್ಯತ್ಯಾಸ ಉಂಟಾಗುತ್ತದೆ. ಹೊಲಿಗೆಯಿಂದ ಮನೆಯ ಆದಾಯಕ್ಕೆ ನೆರವಾಗುವ ಮಹಿಳೆಗೆ ಇದು ಬಟ್ಟೆ ಮತ್ತು ಶ್ರಮ ಎರಡರ ನಷ್ಟವೂ ಹೌದು.

ಈ ತೊಂದರೆಯ ನಿವಾರಣೆಗೆ ರೋಟರಿ ಕಟ್ಟರ್ ಉಪಯುಕ್ತವಾದುದು. ಹಿಡಿಕೆಯ ತುದಿಯಲ್ಲಿ ಉರುಳುವ ದುಂಡಗಿನ ಅಲಗುಳ್ಳ ಈ ಸಾಧನವನ್ನು ಜಪಾನಿನ ಓಲ್ಫಾ ಸಂಸ್ಥೆಯು 1979ರಲ್ಲಿ ಹೊರತಂದಿತು. ಸಾಮಾನ್ಯ ಕೆಲಸಕ್ಕೆ 45 ಮಿ.ಮೀ. ವ್ಯಾಸದ ಅಲಗು ಸಾಕು. ಇದರೊಡನೆ ಪಾರದರ್ಶಕ ಅಕ್ರಿಲಿಕ್ ಅಳತೆಪಟ್ಟಿ ಹಾಗೂ ಕತ್ತರಿಸಲೆಂದೇ ತಯಾರಾದ ಹಾಸು ಅವಶ್ಯಕ. 45×60 ಸೆಂ.ಮೀ. ಹಾಸು ಸಣ್ಣ ಮನೆಯ ಊಟದ ಮೇಜಿನ ಮೇಲೂ ಹಿಡಿಸುತ್ತದೆ.

ಹೊಸ ಹತ್ತಿ ಬಟ್ಟೆಯನ್ನು ಮೊದಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಬೇಕು. ಹಳೆಯ ಸೀರೆಯಾದರೆ ಬೆಳಕಿಗೆ ಹಿಡಿದು, ಜೀರ್ಣವಾದ ಭಾಗವನ್ನು ಕೈಬಿಡಬೇಕು. ಬಟ್ಟೆಯನ್ನು ಅಂಚಿಗೆ ಅಂಚು ಸೇರುವಂತೆ ಮಡಿಸಿ, ಮಡಿಕೆಗೆ ಲಂಬವಾಗಿ ಮೊದಲ ತುದಿಯನ್ನು ನೇರಗೊಳಿಸಬೇಕು. ಈ ಲಂಬ ತಪ್ಪಿದರೆ, ಬಿಡಿಸಿದ ಪಟ್ಟಿಯು ನಡುವೆ ಬಾಗಿರುತ್ತದೆ. ಆದುದರಿಂದ ಮೂರು-ನಾಲ್ಕು ಪಟ್ಟಿಗಳಿಗೊಮ್ಮೆ ಒಂದನ್ನು ಬಿಡಿಸಿ ಪರೀಕ್ಷಿಸುವುದು ಒಳಿತು. ಹೊಲಿದ ನಂತರ 5 ಸೆಂ.ಮೀ. ಅಗಲ ಬೇಕಿದ್ದರೆ, ಎರಡೂ ಬದಿಗೆ ತಲಾ 6 ಮಿ.ಮೀ. ಸೇರಿಸಿ 6.2 ಸೆಂ.ಮೀ.ಗೆ ಕತ್ತರಿಸಬೇಕು.

ಸಾಧನದ ಹರಿತವೇ ಅದರ ಅಪಾಯವೂ ಆಗಿದೆ. ಅಳತೆಪಟ್ಟಿಯನ್ನು ಒತ್ತಿಹಿಡಿದ ಬೆರಳುಗಳು ಅದರ ಅಂಚಿನಿಂದ ಒಳಗಿರಬೇಕು. ಅಲಗನ್ನು ಸದಾ ಶರೀರದಿಂದ ದೂರಕ್ಕೆ ಉರುಳಿಸಬೇಕು. ಪ್ರತಿ ಸಲ ಕತ್ತರಿಸಿದ ಕೂಡಲೇ ಅಲಗಿನ ರಕ್ಷಾಕವಚವನ್ನು ಮುಚ್ಚಿ, ಸಾಧನವನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಮೊಂಡಾದ ಅಲಗಿಗೆ ಹೆಚ್ಚು ಒತ್ತಡ ಬೇಕಾಗುವುದರಿಂದ ಕೈ ಜಾರುವ ಸಂಭವವಿದೆ. ಅದನ್ನು ಬದಲಾಯಿಸುವುದೇ ಕ್ಷೇಮ. ಕೊಂಕಣ ತೀರದ ಮಳೆಗಾಲದ ತೇವದಲ್ಲಿ ಅಲಗು ತುಕ್ಕು ಹಿಡಿಯದಂತೆ ಒಣಗಿದ ಡಬ್ಬಿಯಲ್ಲಿಡಬೇಕು. ಹಾಸು ಬಿಸಿಲಿಗೆ ಡೊಂಕಾಗುವುದರಿಂದ ಅದನ್ನು ನೆರಳಿನಲ್ಲಿ ಸಮತಟ್ಟಾಗಿ ಇರಿಸಬೇಕು.

ಬಳಸಿದ ಅಲಗನ್ನು ಬಿಡಿಯಾಗಿ ಕಸಕ್ಕೆ ಎಸೆಯಬಾರದು. ಅದನ್ನು ದಪ್ಪ ಕಾಗದದಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಭದ್ರಪಡಿಸಿ, ಹರಿತವಾದ ವಸ್ತುವೆಂದು ತಿಳಿಸಿ ಪ್ರತ್ಯೇಕವಾಗಿ ಒಪ್ಪಿಸಬೇಕು. ಒಂದು ಮನೆಯ ಕೌದಿಗಾಗಿ ಪೌರಕಾರ್ಮಿಕರ ಕೈ ಗಾಯಗೊಳ್ಳದಂತೆ ನೋಡಿಕೊಳ್ಳುವುದೂ ಈ ಕಸುಬಿನ ಅಚ್ಚುಕಟ್ಟಿಗೆ ಸೇರಿದ ಕರ್ತವ್ಯವಾಗಿದೆ.